ಬಸ್ತಾದ ಗಂಟು

ಜಹೀರಾಬಾದಿನ ಬಜಾರು ರಸ್ತೆಗೆ ಸೈಕಲ್ಲು, ಬೈಕು ಬಿಟ್ಟು ಬೇರೆ ವಾಹನ ಬರಕೂಡದೆಂದು ಎರಡೂ ತುದಿಗೆ ಬ್ಯಾರಿಕೇಡು ನಿಲ್ಲಿಸಿದಾಗ ಮೊದಲು ಖುಷಿಪಟ್ಟವನು ನಾನೇ. ಹಾರ್ನು ಕೇಳಿ ಕೇಳಿ ತಲೆ ಕೆಟ್ಟಿತ್ತು. ಇನ್ನು ಗಿರಾಕಿಯ ಜೊತೆ ಗಂಟಲು ಹರಿದುಕೊಳ್ಳದೆ ಮಾತಾಡಬಹುದು ಎಂದುಕೊಂಡೆ. ಮಾತಾಡಲು ಗಿರಾಕಿಯೇ ಬರುವುದಿಲ್ಲ ಎಂಬುದು ನನ್ನ ಮಡ್ಡತಲೆಗೆ ಹೊಳೆಯಲಿಲ್ಲ.

ನಮ್ಮದು ಅಪ್ಪನ ಕಾಲದ ಬಟ್ಟೆ ಅಂಗಡಿ. ಬಿಡಿ ವ್ಯಾಪಾರ ಚಹಾಕ್ಕೆ, ಬಸ್ತಾ ರೊಟ್ಟಿಗೆ ಎನ್ನುತ್ತಿದ್ದ ಅಪ್ಪ. ಬಸ್ತಾ ಎಂದರೆ ನಮ್ಮ ಕಡೆ ಮದುವೆಯ ಬಟ್ಟೆ ಖರೀದಿ. ಗಂಡಿನವರು, ಹೆಣ್ಣಿನವರು ಹಿರಿಯರನ್ನೆಲ್ಲ ಜೀಪಿಗೆ ತುಂಬಿಕೊಂಡು ಒಂದೇ ದಿನ ಬರುತ್ತಾರೆ. ಗಾದಿಯ ಮೇಲೆ ಕೂತು, ಚಹಾ ಕುಡಿದು, ಜಗಳಾಡಿ, ಮುನಿದು, ಸಂಜೆಯ ಹೊತ್ತಿಗೆ ಸೀರೆ ಒಪ್ಪುತ್ತಾರೆ. ಕೊನೆಗೆ ಬಟ್ಟೆಯನ್ನೆಲ್ಲ ಗಂಟು ಕಟ್ಟಿ, ಅರಿಶಿನ ಕುಂಕುಮ ಹಚ್ಚಿ ಕೊಡುವವನು ಅಂಗಡಿಯವನು. ಆ ಗಂಟು ನೆಲಕ್ಕೆ ತಾಕದೆ ಗಾಡಿ ಸೇರಬೇಕು.

ನಾಗಲಗಿದ್ದ ಊರಿನ ಕಡೆಯ ಒಂದು ಒಕ್ಕಲು ಮನೆತನದ ಬಸ್ತಾಗಳೆಲ್ಲ ನಮ್ಮಲ್ಲೇ ಆದವು. ಆ ಮನೆಯ ಮುದುಕಿಯ ಮದುವೆ ಸೀರೆ ಕೊಟ್ಟವನೂ ನಮ್ಮಪ್ಪನೇ. ಈ ಬೇಸಿಗೆ ಅವಳ ಮೊಮ್ಮಗಳ ಮದುವೆ, ಗಂಡು ತಾಂಡೂರಿನವನು. ಬ್ಯಾರಿಕೇಡು ಬಂದ ಮೇಲೆ ನಮ್ಮಲ್ಲಿ ಒಂದೂ ಬಸ್ತಾ ಆಗಿರಲಿಲ್ಲ. ಇದೂ ಕೈಬಿಟ್ಟರೆ ಬಾಗಿಲು ಹಾಕುವುದೇ ಎಂದು ಹೆಂಡತಿಗೆ ಹೇಳಿದ್ದೆ. ಅವರು ಬರುವ ದಿನ ಗಾದಿಗೆ ಹೊಸ ಹಾಸು ಹೊದಿಸಿ ಬಾಗಿಲಲ್ಲಿ ಕಾದು ನಿಂತೆ.

ಮುದುಕಿಯ ಮಗನ ಫೋನು ಬಂತು. "ಸಾವಕಾರ್ರ, ಗಾಡಿ ಒಳಗ ಬಿಡವಲ್ರು. ಅವ್ವಗ ಮೊಳಕಾಲ ನೋವು, ನಡಿಯಾಕ ಆಗಂಗಿಲ್ಲ, ಬೈಕ್ ಮ್ಯಾಲ ಕುಂದ್ರಾಕೂ ಆಗಂಗಿಲ್ಲ."

ಓಡಿದೆ. ಬ್ಯಾರಿಕೇಡಿನಾಚೆ ಬಿಸಿಲಲ್ಲಿ ಎರಡು ಜೀಪು. ತಾಂಡೂರಿನ ಬೀಗರು ಮುಖ ಗಂಟಿಕ್ಕಿಕೊಂಡು ಬೆವರು ಒರೆಸುತ್ತಿದ್ದರು.

"ಒಂದ್ ಗಾಡಿ ಬಿಡ್ರಿ, ಮುದುಕಿನ್ನ ಇಳಿಸಿ ಹೊಳ್ಳಿ ಹೋಗ್ತದ" ಎಂದು ಪೊಲೀಸನಿಗೆ ಅಂಗಲಾಚಿದೆ.

"ನಿಮಗ ಬಿಟ್ರ ಎಲ್ಲಾರಿಗಿ ಬಿಡಬೇಕು ಸೇಠ್. ನನ್ನ ನೌಕರಿ ಹೋಗ್ತದ."

ಬೈಯೋಣವೆಂದರೆ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಮುದುಕಿಯ ಹತ್ತಿರ ಹೋಗಿ, "ತಳ್ಳೋ ಬಂಡಿ ತರ್ತೀನವ್ವ, ಅದರ ಮ್ಯಾಲ ಕುಂದ್ರು" ಎಂದೆ.

"ನಾ ಏನ್ ಉಳ್ಳಾಗಡ್ಡಿ ಏನೋ ತಮ್ಮಾ?"

ಜೀಪಿನವರೆಲ್ಲ ನಕ್ಕರು. ನಾನೂ ನಕ್ಕೆ, ಏನು ಮಾಡಲಿ? ಅವಳು ಮಾತ್ರ ನಗಲಿಲ್ಲ. "ಬೈಪಾಸಿನಾಗ ದೊಡ್ಡ ದುಕಾನ ಅದ ಅಂತ. ಗಾಡಿ ಬಾಗಿಲಿಗೇ ಹೋಗ್ತದ ಅಂತ. ಬೀಗರಿಗಿ ಎಷ್ಟೊತ್ತು ಬಿಸಿಲಾಗ ಕುಂದ್ರಸ್ಲಿ? ನೀನೂ ಹತ್ತು."

"ನಾ ಯಾಕವ್ವ?"

"ನಿಮ್ಮಪ್ಪ ಕೊಟ್ಟ ಸೀರಿ ಇನ್ನಾ ಹರದಿಲ್ಲ. ಅರಿವಿ ಮುಟ್ಟಿ ನೋಡಾಕ ನನಗ ಮತ್ಯಾರ ಅದಾರ?"

ಜೀಪು ಹತ್ತಿದೆ.

ಅಲ್ಲಿ ಗಾಜಿನ ಬಾಗಿಲು, ತಣ್ಣನೆ ಗಾಳಿ. ಕೌಂಟರಿನ ಹುಡುಗಿ ನನ್ನನ್ನೂ ಮದುವೆ ಮನೆಯವನೆಂದು ತಿಳಿದು ಚಹಾ ಕೊಟ್ಟಳು. ಕುಡಿದೆ. ಸೀರೆಯ ಸೆರಗು ಹಿಡಿದು ನೋಡಿ ಇದು ಬೇಡ, ಇದು ಬಾಳಿಕೆ ಬರುತ್ತದೆ ಎಂದು ಹೇಳಿದೆ. ಮಾಲು ಚೆನ್ನಾಗಿಯೇ ಇತ್ತು, ಹಾಳಾಗಲಿ. ಸುಳ್ಳು ಹೇಳಿ ಎಬ್ಬಿಸಿಕೊಂಡು ಬರಲು ಮನಸ್ಸಾಯಿತು, ಆದರೆ ಎಬ್ಬಿಸಿ ಎಲ್ಲಿಗೆ ಕರೆದೊಯ್ಯಲಿ?

ಹುಡುಗಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬತೊಡಗಿದಳು. ಮುದುಕಿ ತಡೆದಳು. "ಬಸ್ತಾ ಹಿಂಗ ಒಯ್ಯಬಾರದವ್ವ, ಗಂಟ ಕಟ್ಟು." ಹುಡುಗಿಗೆ ಗೊತ್ತಾಗಲಿಲ್ಲ. ಮುದುಕಿ ನನ್ನತ್ತ ತಿರುಗಿದಳು. "ತಮ್ಮಾ, ನೀನೇ ಕಟ್ಟು. ನಿಮ್ಮ ಮನಿ ಕೈಲೇ ಆಗ್ಲಿ."

ಆ ಅಂಗಡಿಯ ಬಟ್ಟೆಯನ್ನು ನಾನು ಗಂಟು ಕಟ್ಟಿದೆ. ಮದುಮಗಳ ತಾಯಿ ಕೊಟ್ಟ ಅರಿಶಿನ ಕುಂಕುಮ ಹಚ್ಚಿದೆ. ಅಪ್ಪ ಕಂಡಿದ್ದರೆ ಏನೆನ್ನುತ್ತಿದ್ದನೋ. ಗಂಟನ್ನು ಹೆಗಲಿಗೇರಿಸಿ ಹೊರಬಂದೆ. ಜೀಪು ಬಾಗಿಲಿಗೇ ನಿಂತಿತ್ತು.

ನನ್ನನ್ನು ಬ್ಯಾರಿಕೇಡಿನ ಹತ್ತಿರ ಇಳಿಸಿ ಅವರು ಊರಿಗೆ ಹೋದರು. ಅಲ್ಲಿಂದ ಅಂಗಡಿಗೆ ನಡೆದೆ. ಗಾದಿಯ ಹೊಸ ಹಾಸಿನ ಮೇಲೆ ಮೊದಲು ಕೂತವನು ನಾನೇ.