ಅಪ್ಪನ ಕೈಯ ಹಿಂದೆ ಬೀಳುತ್ತಿದ್ದ ಗೆರೆ

ಮದ್ದೂರಿನಿಂದ ಹಲಗೂರಿನವರೆಗೆ ಎಷ್ಟೋ ಅಂಗಡಿಗಳ ಬೋರ್ಡು ಬರೆದವರು ನಮ್ಮಪ್ಪ. ಏಣಿ ಹತ್ತಿ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ 'ಳ' ಬರೆದು ಇಳಿಯುತ್ತಿದ್ದರು. ಫ್ಲೆಕ್ಸ್ ಬಂದು ಬೋರ್ಡು ಬರೆಯುವವರೆಲ್ಲ ಮೂಲೆ ಸೇರಿದ ಮೇಲೂ ಅಪ್ಪ ಜಗ್ಗಲಿಲ್ಲ. ನಡುಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು, ಸ್ಲೇಟಿನಂಥ ಹಲಗೆಯ ಮೇಲೆ ಪೆನ್ನು ಆಡಿಸಿ ಪರದೆಯಲ್ಲಿ ಅಕ್ಷರ ಬರೆಯುವುದನ್ನು ಕಲಿತರು. ರೆಡಿಮೇಡ್ ಅಕ್ಷರ ಬೇಡ, ನಿಮ್ಮ ಕೈಬರಹವೇ ಬೇಕು ಎಂದು ಹುಡುಕಿಕೊಂಡು ಬರುವವರು ಈಗಲೂ ಇದ್ದಾರೆ. ಅಪ್ಪನ ಕಣ್ಣಿಗೆ ಆಯಾಸವಾಗಬಾರದೆಂದು ದೊಡ್ಡ ಮಾನಿಟರ್ ತಂದುಕೊಟ್ಟವಳು ನಾನು. ಅದನ್ನು ಬಂದವರಿಗೆಲ್ಲ ಹೇಳಿಕೊಂಡವಳೂ ನಾನೇ.

ಆಯುಧಪೂಜೆಯೆಂದರೆ ನಮ್ಮ ಮನೆಯಲ್ಲಿ ಹುಡುಗಾಟವಲ್ಲ. ಹಳೆಯ ಬ್ರಷ್ಷುಗಳಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲವೂ ದೇವರ ಮುಂದೆ ಕೂರಬೇಕು. ಅವ್ವನ ಪ್ರಕಾರ ವೈರೂ ಆಯುಧವೇ. ಈ ಸಲ ಟಿವಿಯದು, ಕಂಪ್ಯೂಟರಿನದು ಎಲ್ಲ ವೈರುಗಳನ್ನೂ ಕಿತ್ತು, ಒರೆಸಿ, ಸುರುಳಿ ಸುತ್ತಿ, ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದಳು. ಮಾರನೆಯ ದಿನ ಯಾವುದು ಎಲ್ಲಿ ಹಿಡಿಸಿತೋ ಅಲ್ಲಿಗೆ ಸಿಕ್ಕಿಸಿದಳು. ಟಿವಿ ಬಂತು, ಕಂಪ್ಯೂಟರೂ ಬಂತು. ಇನ್ನೇನು ಬೇಕು? ನಾನು ಎಂದಿನಂತೆ ಮಂಡ್ಯದ ಬಸ್ಸು ಹತ್ತಿ ಕಾಲೇಜಿನ ಲೈಬ್ರರಿ ಕೆಲಸಕ್ಕೆ ಹೋದೆ.

ಆಮೇಲೆ ಅಪ್ಪ ಮಂಕಾದರು. ಕಂಪ್ಯೂಟರಿಗೆ ಟವೆಲ್ಲು ಹೊದಿಸಿ ಹಿತ್ತಲಲ್ಲಿ ಹೋಗಿ ಕೂರುತ್ತಿದ್ದರು. ವೈದ್ಯನಾಥಪುರದಿಂದ ಒಬ್ಬರು ಹೊಸ ಹೋಟೆಲಿಗೆ ಬೋರ್ಡು ಬೇಕೆಂದು ಬಂದರೆ, "ಬ್ಯಾರೆ ಯಾರ್ ತಾವಾದ್ರೂ ಬರ್ಸ್ಕಳಿ" ಎಂದು ಸಾಗಹಾಕಿದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಯಾಕಪ್ಪಾ, ಮನೆ ಬಾಗ್ಲಿಗ್ ಬಂದೋರ್ನ ಇಂಗಾ ಕಳ್ಸೋದು? ಸೋಮಾರಿತನ ಸುರುವಾಯ್ತಾ?" ಎಂದೆ.

ಅಪ್ಪ ತಮ್ಮ ಬಲಗೈಯನ್ನೇ ನೋಡಿಕೊಂಡರು. "ಕೈ ಓಯ್ತು ಕಣ್ ಮಗಾ. ನಾನ್ ಎಳುದ್ರೆ ಗೆರೆ ಹಿಂದ್ಕೆ ಬೀಳ್ತದೆ, ತಡ್ವರಿಸ್ತದೆ. ಕೈ ಯೋಳಿದ್ ಮಾತ್ ಕೇಳಕ್ಕಿಲ್ಲ. ನಮ್ಮಪ್ಪಂಗೂ ಇಂಗೇ ಸುರುವಾಗಿದ್ದು."

ತಾತನಿಗೆ ಕೊನೆಕೊನೆಗೆ ಕೈ ನಡುಗಿ ಮುದ್ದೆ ಬಾಯಿಗೆ ಹೋಗುತ್ತಿರಲಿಲ್ಲ. ಅಪ್ಪನೇ ಮುರಿದು, ಸಾರಿಗೆ ಅದ್ದಿ ಉಣಿಸುತ್ತಿದ್ದರಂತೆ. ಇಷ್ಟು ದಿನ ಅಪ್ಪ ಒಬ್ಬರೇ ಹಿತ್ತಲಲ್ಲಿ ಕೂತು ಅದನ್ನೇ ನೆನೆಯುತ್ತಿದ್ದರು.

"ಬ್ರಷ್ ಇಡ್ದು ನೋಡ್ದ್ಯಾ?" ಎಂದು ಮೆಲ್ಲಗೆ ಕೇಳಿದೆ.

"ಇಡ್ದು, ಅದೂ ನಡುಗುಬುಟ್ರೆ?" ಎಂದರು. ಅಡುಗೆಮನೆಯ ಕಡೆ ನೋಡಿ, "ನಿಮ್ಮವ್ವಂಗ್ ಯೋಳ್ಬ್ಯಾಡ" ಎಂದರು.

ನರದ ಡಾಕ್ಟರು ಮಂಡ್ಯದಲ್ಲಿ ಎಲ್ಲಿ ಸಿಗುತ್ತಾರೆಂದು ನೋಡಲು ಆ ಭಾನುವಾರ ಅದೇ ಕಂಪ್ಯೂಟರಿನ ಮುಂದೆ ಕೂತೆ. ಮೌಸ್ ಸರಿಸಿದರೆ ಬಾಣದ ಗುರುತು ನನ್ನ ಕೈಗಿಂತ ಹಿಂದೆ, ಕುಂಟುತ್ತ ಬಂತು. ಅಯ್ಯೋ, ನನಗೂ ಬಂತೇ ಎಂದುಕೊಂಡೆ. ಅಪ್ಪನಿಗೂ ಮಗಳಿಗೂ ಒಂದೇ ವಾರದಲ್ಲಿ ಕೈ ಹೋಗುವುದೆಂದರೇನು? ಆಗ ಬುದ್ಧಿ ಕೆಲಸ ಮಾಡಿತು.

ಡಿಸ್‌ಪ್ಲೇ ಸೆಟ್ಟಿಂಗ್ ತೆಗೆದು ರಿಫ್ರೆಶ್ ರೇಟ್ ನೋಡಿದೆ. ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ ಎನ್ನುವ ಲೆಕ್ಕ ಅದು. ಅರವತ್ತು ಇರಬೇಕಾದಲ್ಲಿ ಮೂವತ್ತು ಇತ್ತು. ಏರಿಸೋಣವೆಂದರೆ ಪಟ್ಟಿಯಲ್ಲಿ ಮೂವತ್ತರ ಮೇಲೆ ಏನೂ ಇಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಪರದೆ ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಊಹೂಂ. ಬಾಯಿಗೆ ಬಂದಂತೆ ಬೈದೂ ನೋಡಿದೆ, ಅದಕ್ಕೂ ಜಗ್ಗಲಿಲ್ಲ.

ಕೊನೆಗೆ ವೈರು ಸಡಿಲವಾಗಿದೆಯೇ ಎಂದು ಮೇಜಿನ ಹಿಂದೆ ತಲೆ ತೂರಿಸಿದೆ. ಮಾನಿಟರಿಗೆ ಸಿಕ್ಕಿಸಿದ್ದು ನಮ್ಮ ಟಿವಿಯ ಹಳೆಯ ತೆಳು ವೈರು. ಮಾನಿಟರಿನ ಜೊತೆ ಬಂದಿದ್ದ ದಪ್ಪ ವೈರು ಟಿವಿಯ ಬೆನ್ನಿಗೆ ನೇತಾಡುತ್ತಿತ್ತು. ಎರಡರ ಮೇಲೂ ಅರಿಶಿನ ಒಣಗಿತ್ತು. ದೊಡ್ಡ ಪರದೆಯ ಅಷ್ಟೂ ಚಿತ್ರವನ್ನು ಆ ವೇಗದಲ್ಲಿ ಹೊರಲು ಹಳೆಯ ವೈರಿಗೆ ತ್ರಾಣವಿರಲಿಲ್ಲ. ಅದಲು ಬದಲು ಮಾಡಿದೆ. ಪಟ್ಟಿಯಲ್ಲಿ ಅರವತ್ತು ಬಂತು. ಒತ್ತಿದೆ.

"ಅಪ್ಪಾ, ಬಾ ಇಲ್ಲಿ. ಒಂದ್ ಅಕ್ಸರ ಬರಿ."

"ಬ್ಯಾಡ ಬುಡು ಮಗಾ."

"ಬರಿ ಅಂದ್ನಲ್ಲಪ್ಪಾ!"

ಬಂದರು, ಕೂತರು, ಹೆದರುತ್ತಲೇ ಪೆನ್ನು ಊರಿ ಎಳೆದರು. ಗೆರೆ ಪೆನ್ನಿನ ಜೊತೆಗೇ ಹೋಯಿತು. ಇನ್ನೊಂದು ಎಳೆದರು, ಮತ್ತೊಂದು. ಪರದೆ ತುಂಬ 'ಳ' ಬರೆದರು. ನಾನು ವೈರಿನ ಕಥೆ ಹೇಳುತ್ತಿದ್ದರೆ ಕೇಳಿಸಿಕೊಳ್ಳಲೇ ಇಲ್ಲ. ಎದ್ದು ಹೋಗಿ ಬ್ರಷ್ಷು ತಂದು, ಹಳೇ ಪೇಪರಿನ ಮೇಲೆ ಅದರಲ್ಲೂ ಎಳೆದು ನೋಡಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ತಡೆಯಲಾಗಲಿಲ್ಲ.

ಅವ್ವನನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದು ಎದ್ದೆ. ಅಪ್ಪ ಬೇಡವೆಂದು ತಲೆಯಾಡಿಸಿದರು. ಅಷ್ಟರಲ್ಲಿ ಅವ್ವನೇ ಕಾಫಿ ಹಿಡಿದು ಬಂದಳು. ಲೋಟ ಅಂಚಿನವರೆಗೂ ತುಂಬಿತ್ತು, ನಡೆಯುವಾಗ ಅವಳ ಬೆರಳ ಮೇಲೇ ಚೆಲ್ಲುತ್ತಿತ್ತು.

"ಇದ್ಯಾಕೆ ಇಷ್ಟೊಂದ್ ತುಂಬಿದ್ದೀಯೆ?" ಎಂದರು ಅಪ್ಪ.

"ಇಷ್ಟ್ ದಿನ ಅರ್ದ ಲೋಟನೇ ಕೊಡ್ತಿದ್ನಲ್ಲ, ಅದ್ ಕಾಣ್ನಿಲ್ವಾ ನಿಮ್ಗೆ? ಇತ್ಲಲ್ ಕೂತ್ಕಂಡು ಕೈ ನೋಡ್ಕತಿದ್ರಿ. ನಂಗೇನ್ ಕಣ್ಣಿಲ್ವಾ? ಚೆಲ್ಕಂಡ್ರೆ ಮನ್ಸಿಗ್ ಬೇಜಾರ್ ಮಾಡ್ಕತೀರಿ ಅಂತ ಅರ್ದ ತತ್ತಿದ್ದೆ. ಒಳ್ಗಿದ್ದೇ ಎಲ್ಲಾ ಕೇಳುಸ್ಕಂಡೆ. ಈಗ ತಕಳಿ."

ಅಪ್ಪ ತುಂಬಿದ ಲೋಟವನ್ನು ಈಸಿಕೊಂಡು, ಕುಡಿಯುವುದನ್ನೂ ಮರೆತು ಅವ್ವನ ಮುಖವನ್ನೇ ನೋಡುತ್ತ ಕೂತರು. ಕಾಫಿ ಅವರ ಕೈಯಲ್ಲೇ ಆರಿಹೋಯಿತು. ಒಂದು ತೊಟ್ಟೂ ಚೆಲ್ಲಲಿಲ್ಲ.