ಮಲ್ಲಣ್ಣ ಆರಿಸಿಕೊಟ್ಟ ರ್ಯಾಮ್

ಮಲ್ಲಣ್ಣ ಕಂಪ್ಯೂಟರಿನ ನೆನಪು ಕೂರುವ ರ್ಯಾಮ್ ಪಟ್ಟಿಯನ್ನು ಎರಡು ಬೆರಳ ತುದಿಯಲ್ಲಿ, ಅಂಚಿಗಷ್ಟೇ ತಾಗುವಂತೆ ಹಿಡಿಯುತ್ತಿದ್ದರು. ಅದರ ಹೊಂಬಣ್ಣದ ಹಲ್ಲುಗಳಿಗೆ ಗಿರಾಕಿಯ ಕೈ ತಾಕಿದರೆ ಮುಖ ಕಿವುಚುವರು. ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಆ ವರ್ಷಗಳಲ್ಲಿ ಊರಿನ ಕಂಪ್ಯೂಟರುಗಳ ಹೊಟ್ಟೆ ತುಂಬ ಕೆಂಪು ಧೂಳು. ಅದನ್ನು ಬ್ಲೋವರಿನಿಂದ ಊದಿ ಊದಿ ಮಲ್ಲಣ್ಣನ ಹುಬ್ಬುಗಳೂ ಕೆಂಪಾಗಿರುತ್ತಿದ್ದವು.

ನಾನಾಗ ಸಂಡೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಹುಚ್ಚಿತ್ತು. ಶಾಲೆಯಲ್ಲಿ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಮಲ್ಲಣ್ಣನಿಗೆ ಮಾತ್ರ. ಅವರು ನಗಲಿಲ್ಲ.

"ಪ್ರೊಸೆಸರ್‌ನ್ನ ಕಂಪನಿಯವ್ರು ಇಟ್ಟ ಸ್ಪೀಡಿಗಿಂತ ಜಾಸ್ತಿ ಓಡಸೋಣ್ರಿ ಸರ. ಓವರ್‌ಕ್ಲಾಕ್ ಅಂತಾರ. ಆದ್ರ ರ್ಯಾಮ್ ತಡಕೋಬೇಕು. ಎಷ್ಟು ಜಿಬಿ ಅಂತ ಕೇಳಬ್ಯಾಡ್ರಿ, ಎಷ್ಟು ತಡೀತದ ಅಂತ ಕೇಳ್ರಿ," ಅಂದರು.

ಒಂದು ಭಾನುವಾರ ಪೂರ್ತಿ ಅದನ್ನೇ ಆರಿಸಿದೆವು. ಒಂದು ಜೋಡಿ ಪಟ್ಟಿ ಹಾಕುವುದು, ಸ್ಪೀಡು ಏರಿಸುವುದು, ಟೆಸ್ಟಿಗೆ ಬಿಟ್ಟು ಚಹಾ ಕುಡಿದು ಬರುವುದು. ಪರದೆ ನೀಲಿಯಾಗಿ ನಿಂತಿದ್ದರೆ, "ಇದು ಬ್ಯಾಡ." ಎಲ್ಲಕ್ಕಿಂತ ದುಬಾರಿಯದನ್ನೂ ಪಕ್ಕಕ್ಕಿಟ್ಟರು. "ಮ್ಯಾಲೆ ತಗಡಿಂದ ಅಲಂಕಾರ ಅಷ್ಟರಿ. ಒಳಗ ಸಾದಾ ಮಾಲು." ಐದನೆಯ ಜೋಡಿ ಸಂಜೆಯವರೆಗೂ ತಡೆದುಕೊಂಡಿತು. ಮಾರ್ಕರ್ ಪೆನ್ನಿನಿಂದ ಅವುಗಳ ಮೇಲೆ ೧, ೨ ಎಂದು ಬರೆದು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದರು. ತಮ್ಮ ಲಾಭ ಬಿಟ್ಟು ನನಗೆ ಒಳ್ಳೆಯದನ್ನೇ ಕೊಟ್ಟರಲ್ಲ ಎಂದು ನನ್ನ ಮನಸ್ಸು ತುಂಬಿತು.

ನನಗಷ್ಟೇ ಅಲ್ಲ. ಹಂಪಿಯ ಗೆಸ್ಟ್‌ಹೌಸಿನ ಅಮ್ಮನೊಬ್ಬರು ಹೊಸ ರ್ಯಾಮ್ ಕೇಳಿಕೊಂಡು ಬಂದಾಗ, ಇದ್ದದ್ದನ್ನೇ ತೆಗೆದು ಒರೆಸಿ ಕೂರಿಸಿ, "ಧೂಳು ಕುಂತಿತ್ರೀ ಅಕ್ಕಾರ, ಹೊಸದು ಬೇಕಾಗಿಲ್ಲ," ಎಂದು ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೆ.

ಆರು ತಿಂಗಳ ಮೇಲೆ ಧೂಳು ತೆಗೆಸಲು ಕಂಪ್ಯೂಟರನ್ನು ಅವರಲ್ಲಿ ಬಿಟ್ಟೆ. ವಾಪಸು ತಂದ ಮೇಲೆ ಆಟದ ನಡುವೆ ನಿಂತುಬಿಡತೊಡಗಿತು. ಕೇಳಿದರೆ, "ನೀವು ಭಾಳ ಓಡಿಸ್ತೀರಿ ಸರ. ಸ್ಪೀಡು ಇಳಿಸ್ರಿ," ಅಂದರು. ಇಳಿಸಿದೆ. ಫ್ಯಾನ್ ಬದಲಿಸಿದೆ, ವೋಲ್ಟೇಜನ್ನು ಬೈದೆ, ನನ್ನದೇ ತಪ್ಪೆಂದೂ ಅಂದುಕೊಂಡೆ. ಅವರ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಕಂಪ್ಲಿಯಲ್ಲಿ ನನ್ನ ಕಾಲೇಜು ಗೆಳೆಯ ಶರಣಪ್ಪನದು ಅಕ್ಕಿ ಗಿರಣಿ. ದಸರಾ ರಜೆಯಲ್ಲಿ ಅವನ ಮನೆಗೆ ಹೋದಾಗ ಹೊಸ ಕಂಪ್ಯೂಟರ್ ತೋರಿಸಿದ. "ಹೆಂಗ ಓಡ್ತದ ನೋಡಲೇ. ಮಲ್ಲಣ್ಣ ಬೆಂಗಳೂರಿಂದ ತರಿಸಿದ ರ್ಯಾಮ್," ಅಂದ. ಹೆಮ್ಮೆಯಿಂದ ಪಕ್ಕದ ಮುಚ್ಚಳ ತಾನೇ ತೆಗೆದ. ಒಳಗೆ ೧, ೨. ಮಲ್ಲಣ್ಣನ ಅಕ್ಷರವೇ. ಗೆಳೆಯನಿಗೆ ಏನೂ ಹೇಳದೆ ಅಲ್ಲಿಂದೆದ್ದೆ.

ಮರುದಿನ ನನ್ನ ಕಂಪ್ಯೂಟರನ್ನು ಹೊತ್ತುಕೊಂಡು ಹೋಗಿ ಮಲ್ಲಣ್ಣನ ಮೇಜಿನ ಮೇಲಿಟ್ಟೆ. ಮುಚ್ಚಳ ಬಿಚ್ಚಿದೆ. ಒಳಗಿದ್ದ ಪಟ್ಟಿಗಳ ಮೇಲೆ ಅಂಕಿಗಳಿರಲಿಲ್ಲ.

"ಶರಣಪ್ಪನ ಮನ್ಯಾಗ ನೋಡಿದೆ," ಅಂದೆ.

ಮಲ್ಲಣ್ಣ ಸುಳ್ಳು ಹೇಳಲಿಲ್ಲ. ಬ್ಲೋವರ್ ಕೆಳಗಿಟ್ಟರು. "ಅವರಿಗೆ ಅರ್ಜೆಂಟ್ ಇತ್ರಿ. ಅಂಥ ಜೋಡಿ ಮತ್ತ ಸಿಗಲಿಲ್ಲ."

"ನಂದೇ ಯಾಕ್ರೀ?"

ಅವರು ಬ್ಲೋವರಿನ ವೈರು ಸುತ್ತತೊಡಗಿದರು. "ಬ್ಯಾರೆಯವರಾಗಿದ್ರ ಮನಿಗೆ ಹೋಗಿ ಬಿಚ್ಚಿ ನೋಡ್ತಿದ್ರು. ನೀವು ನೋಡಂಗಿಲ್ಲ ಅಂತ ಗೊತ್ತಿತ್ತು ಸರ."

ನಾನು ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸತೊಡಗಿದೆ. ಒಂದು ಜಾರಿ ಕೆಳಗೆ ಬಿತ್ತು. ಅವರೇ ಬಗ್ಗಿ ಆರಿಸಿ ಕೊಟ್ಟರು. ಕೊಡುತ್ತಾ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ, "ಬ್ಯಾಸರ ಮಾಡ್ಕೋಬ್ಯಾಡ್ರಿ. ಸರ್ವಿಸ್ ಅಂತ ಹೇಳಿ ನಾಳೆ ಕಂಪ್ಲಿಗೆ ಹೋಗಿ ನಿಮ್ಮವು ಬಿಚ್ಚಿಕೊಂಡು ಬರ್ತೀನಿ. ಅವರೂ ನನ್ನ ನಂಬ್ತಾರ, ಏನೂ ಕೇಳಂಗಿಲ್ರಿ," ಅಂದರು.

ಬ್ಯಾಡ ಅಂದೆ. ಆಮೇಲೆ ಆ ಓಣಿಗೆ ನಾನು ಹೋಗಲಿಲ್ಲ.