ಏಳನೇ ನಂಬರಿನ ಬೊಂಬೆ

“ನೀವು ಹೇಳಿದ್ದು ಇಪ್ಪತ್ತೆರಡು ಬೊಂಬೆ ಸಾರ್. ಬರೆಸಿದ ಹೆಸರು ಇಪ್ಪತ್ಮೂರು” ಎಂದು ಕೊಂಡಪಲ್ಲಿಯ ಬೊಂಬೆ ಮಾಡುವ ಮುದುಕ ತೆಲುಗಿನಲ್ಲಿ ಹೇಳಿದಾಗ ನನಗೆ ರೇಗಿತು. ಬ್ಯಾಂಕಿನವನು ನಾನು, ಎಣಿಕೆ ತಪ್ಪುತ್ತೇನೆಯೇ? ಊರಲ್ಲಿ ನಡೆಯಲಿದ್ದ ಹೈಸ್ಕೂಲು ಗೆಳೆಯರ ಕೂಟಕ್ಕೆಂದು, ಅಡಿಯಲ್ಲಿ ಒಬ್ಬೊಬ್ಬರ ಹೆಸರು ಬರೆಸಿ ಮರದ ಬೊಂಬೆ ಮಾಡಿಸಿದ್ದೆ. ಹೆಸರುಗಳನ್ನು ಕೆಲಸದ ಗಡಿಬಿಡಿಯಲ್ಲೇ ಫೋನಿನಲ್ಲಿ, ಮೇಷ್ಟ್ರು ಹಾಜರಿ ಕೂಗುತ್ತಿದ್ದ ಕ್ರಮದಲ್ಲಿ ಗಡಗಡನೆ ಹೇಳಿಬಿಟ್ಟಿದ್ದೆ.

ಒಂದೊಂದನ್ನೇ ತಿರುಗಿಸಿ ನೋಡುತ್ತಾ ಬಂದೆ. ಏಳನೆಯದರ ಅಡಿಯಲ್ಲಿ ತೆಲುಗಕ್ಷರದಲ್ಲಿ ‘ಗಂಗಾಧರ’ ಎಂದಿತ್ತು. ಗಂಗಾಧರ ತೀರಿಕೊಂಡು ಎರಡು ವರ್ಷವಾಗಿತ್ತು. ವಿಜಯವಾಡದಲ್ಲಿದ್ದ ನಾನು ರಜೆ ಸಿಗದೆ ಅವನ ಮಣ್ಣಿಗೂ ಹೋಗಿರಲಿಲ್ಲ.

ಮುದುಕ ನನ್ನ ಮುಖ ನೋಡಿ, ಬೊಂಬೆಯನ್ನು ತನ್ನ ಕೈಗೆ ತೆಗೆದುಕೊಂಡು, “ಹೆಸರು ಕೆರೆದುಬಿಡಲಾ ಸಾರ್? ಎರಡು ನಿಮಿಷದ ಕೆಲಸ” ಎಂದ. ನಾನು ಬೊಂಬೆಯನ್ನು ಅವನ ಕೈಯಿಂದ ಕಿತ್ತುಕೊಂಡೆ.

ಕೂಟದಲ್ಲಿ ಇಪ್ಪತ್ತೆರಡನ್ನು ಹಂಚಿದೆ. ಅದೊಂದನ್ನು ಚೀಲದಿಂದ ತೆಗೆಯಲಿಲ್ಲ. ಈಗ ಮನೆಯಲ್ಲಿ ಅದನ್ನು ದಿನಕ್ಕೊಂದು ಕಡೆ ಇಡುತ್ತೇನೆ, ಎಲ್ಲಿಟ್ಟರೂ ಸರಿಯೆನಿಸುವುದಿಲ್ಲ. ಅವನ ಹೆಸರು ಬಿಟ್ಟು ಹಾಜರಿ ಹೇಳಲೂ ನೋಡಿದ್ದೇನೆ. ಆರನೆಯವನಾದ ಮೇಲೆ ನಾಲಿಗೆ ಮುಂದಕ್ಕೆ ಹೋಗುವುದೇ ಇಲ್ಲ.